ಓಡಿದಷ್ಟೂ ಗಟ್ಟಿ: ದಿನನಿತ್ಯದ ಓಡಾಟಕ್ಕೆ ಹಳೆಯ ಕಾರು

ಹಳೆಯ ಕಾರುಗಳಲ್ಲಿ ಎರಡು ಬಗೆ. ಕೆಲವು ವರ್ಷವಿಡೀ ಶೆಡ್ಡಿನಲ್ಲಿ ಹೊದಿಕೆಯಡಿ ನಿಂತು, ರ‍್ಯಾಲಿಯ ದಿನ ಮಾತ್ರ ಹೊರಬರುತ್ತವೆ. ಇನ್ನು ಕೆಲವು ಕಚೇರಿ, ಮಾರುಕಟ್ಟೆ, ತೋಟ, ನೆಂಟರ ಮನೆ ಎಂದು ದಿನವೂ ಓಡುತ್ತವೆ. ನೋಡುವವರ ಮೆಚ್ಚುಗೆ ಮೊದಲನೆಯದಕ್ಕೆ ಹೆಚ್ಚು. ಆದರೆ ಯಂತ್ರವಾಗಿ ಆರೋಗ್ಯದಿಂದಿರುವುದು ಹೆಚ್ಚಾಗಿ ಎರಡನೆಯದೇ. ಅದನ್ನು ಹಾಗೆ ಓಡಿಸಲು ಕಾನೂನು, ಇಂಧನ, ಶಾಖ, ಬ್ರೇಕು, ಬಿಡಿಭಾಗ ಎಲ್ಲವುಗಳ ಅರಿವು ಬೇಕು.

ಬ್ರಿಟನ್ನಿನ ರೂಢಿಯ ಪ್ರಕಾರ 1919ರಿಂದ 1930ರವರೆಗೆ ತಯಾರಾದವು ವಿಂಟೇಜ್ ಕಾರುಗಳು. ಎರಡನೆಯ ಮಹಾಯುದ್ಧದ ನಂತರದ ಹಳೆಯ ಮಾದರಿಗಳನ್ನು ಸಾಮಾನ್ಯವಾಗಿ ಕ್ಲಾಸಿಕ್ ಎನ್ನುತ್ತಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, ಕನಿಷ್ಠ 30 ವರ್ಷ ತುಂಬಿ, ಮೂಲ ಸ್ವರೂಪ ಉಳಿಸಿಕೊಂಡು, ನಿತ್ಯದ ಸಾರಿಗೆಗೆ ಬಳಕೆಯಾಗದ ವಾಹನವನ್ನಷ್ಟೇ ‘ಐತಿಹಾಸಿಕ’ ಎಂದು ಪರಿಗಣಿಸುತ್ತದೆ. ದಿನವೂ ದುಡಿಯುವ ಹಳೆಯ ಕಾರು ಈ ಗೌರವದ ಪಟ್ಟಿಯ ಹೊರಗೇ ಉಳಿಯುತ್ತದೆ.

ಎರಡು ದೇಸಿ ಮಾದರಿಗಳು

ಭಾರತದಲ್ಲಿ ನಿತ್ಯದ ಬಳಕೆಗೆ ಹೆಚ್ಚು ಒಗ್ಗಿದ ಹಳೆಯ ಕಾರುಗಳು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿದ ಅಂಬಾಸಿಡರ್, 1950ರ ದಶಕದ ಕೊನೆಯಿಂದ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ತಯಾರಾಯಿತು. 2014ರ ಮೇ ತಿಂಗಳಲ್ಲಿ ಅದರ ಉತ್ಪಾದನೆ ನಿಂತಿತು. ಹಳೆಯ ಮಾದರಿಗಳಲ್ಲಿ ಹೆಚ್ಚಿನವಕ್ಕೆ 1489 ಸಿ.ಸಿ.ಯ ಬಿ-ಸೀರೀಸ್ ಪೆಟ್ರೋಲ್ ಎಂಜಿನ್ ಇದೆ. ಇದೇ ಎಂಜಿನ್ ಕುಟುಂಬ ಬ್ರಿಟನ್ನಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಹಾಗಾಗಿ ಎಂಜಿನ್ನಿನ ಕೆಲವು ಭಾಗಗಳು, ದುರಸ್ತಿಯ ಕೈಪಿಡಿಗಳು ವಿದೇಶದಿಂದಲೂ ಸಿಗುತ್ತವೆ. 1990ರ ದಶಕದಲ್ಲಿ ಇಸುಝು ಎಂಜಿನ್ ಅಳವಡಿಸಿದ ಅಂಬಾಸಿಡರ್ ಬಂದಿತು. ಹೆದ್ದಾರಿಯ ಪ್ರಯಾಣ ಹೆಚ್ಚಿರುವವರಿಗೆ ಅದು ಅನುಕೂಲ.

ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಇದನ್ನು 1964ರಿಂದ ‘ಡಿಲೈಟ್’ ಎಂದು ತಯಾರಿಸಿತು. 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿ.ಸಿ.ಯ ಪುಟ್ಟ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಸಾಕಷ್ಟು ಹಗುರವಾದ ಮೈ ಇದರ ಲಕ್ಷಣ. ಮುಂಬೈನ ಟ್ಯಾಕ್ಸಿಯಾಗಿ ದಶಕಗಳ ಕಾಲ ಹಗಲಿರುಳು ದುಡಿದ ಈ ಕಾರು, ಟ್ಯಾಕ್ಸಿಗಳಿಗೆ ವಿಧಿಸಿದ್ದ 20 ವರ್ಷದ ಮಿತಿಯಿಂದಾಗಿ 2023ರಲ್ಲಿ ಆ ಸೇವೆಯಿಂದ ಹೊರಬಿತ್ತು. ಅದರ ಬಾಳಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಾನೂನಿನ ಕವಲು

ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಅದು ಮುಗಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ವಾಹನದ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರುಗಳಿಗೆ ಈ ಶುಲ್ಕ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆ ಅದನ್ನು 10,000 ರೂಪಾಯಿ ಮಾಡಿತು. ಕರ್ನಾಟಕದಲ್ಲಿ ಇದರ ಜೊತೆಗೆ ಹಸಿರು ತೆರಿಗೆಯೂ ಉಂಟು.

ಇನ್ನೊಂದು ದಾರಿ ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, 50 ವರ್ಷ ದಾಟಿದ, ಮೂಲ ರಚನೆ ಬದಲಾಗದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಶೇಷ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಈ ಫಲಕ ಹೊತ್ತ ಕಾರು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಯಬಹುದು. ದಿನವೂ ಓಡಿಸುವ ಆಸೆಯಿದ್ದವರು ಪ್ರತಿಷ್ಠೆಯ ಫಲಕಕ್ಕೆ ಮನಸೋಲದೆ ಸಾಮಾನ್ಯ ನೋಂದಣಿಯನ್ನೇ ಜೀವಂತವಾಗಿಡಬೇಕು. ಆರ್‌ಸಿ ಅವಧಿ ಮುಗಿದು ವರ್ಷಗಟ್ಟಲೆ ಬಿದ್ದಿರುವ ಕಾರನ್ನು ಕೊಳ್ಳುವ ಮುನ್ನ ಎಂಜಿನ್ನಿಗಿಂತ ಮೊದಲು ಕಾಗದಪತ್ರ ನೋಡಬೇಕಾದದ್ದು ಈ ಕಾರಣಕ್ಕೇ.

ವಿಮೆಯಲ್ಲೂ ಎಚ್ಚರ ಬೇಕು. ಐದು ವರ್ಷ ದಾಟಿದ ಹಾಗೂ ತಯಾರಿಕೆ ನಿಂತ ಮಾದರಿಗಳ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಮಾತಾಡಿಯೇ ನಿಗದಿಪಡಿಸಿಕೊಳ್ಳಬೇಕು. ಕಾರಿನ ಫೋಟೊ, ದುರಸ್ತಿಯ ರಸೀತಿಗಳನ್ನು ಜೋಪಾನವಾಗಿಟ್ಟವರಿಗೆ ಆಗ ನ್ಯಾಯವಾದ ಮೌಲ್ಯ ಕೇಳಲು ಆಧಾರವಿರುತ್ತದೆ.

ನಿಲ್ಲಿಸಿದರೆ ಕೆಡುವುದೇನು?

ನಿಂತ ಕಾರಿನಲ್ಲಿ ಹಾನಿ ಸದ್ದಿಲ್ಲದೆ ನಡೆಯುತ್ತದೆ. ಬ್ರೇಕ್ ದ್ರವ ಗಾಳಿಯ ತೇವ ಹೀರಿಕೊಂಡು ವೀಲ್ ಸಿಲಿಂಡರಿನ ಪಿಸ್ಟನ್ನುಗಳನ್ನು ತುಕ್ಕಿನಿಂದ ಹಿಡಿದುಬಿಡುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಪೆಟ್ರೋಲು ಆವಿಯಾಗಿ ಉಳಿದ ಅಂಟು ಕಾರ್ಬ್ಯುರೇಟರಿನ ಜೆಟ್ಟಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಆಯಿಲ್ ಸೀಲುಗಳು ಒಣಗಿ ಬಿರಿಯುತ್ತವೆ, ಬ್ಯಾಟರಿ ಸಾಯುತ್ತದೆ.

ಓಡಿಸುವುದೆಂದರೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಬೇಕು. ತಣ್ಣನೆಯ ಎಂಜಿನ್ನಿನಲ್ಲಿ ದಹನದಿಂದ ಹುಟ್ಟುವ ನೀರಾವಿ ಆಯಿಲ್‌ಗೆ ಸೇರಿ ಬೇರಿಂಗುಗಳನ್ನು ಕೊರೆಯುತ್ತದೆ. ಎಂಜಿನ್ ಕಾದಾಗ ಮಾತ್ರ ಅದು ಆವಿಯಾಗಿ ಹೊರಹೋಗುತ್ತದೆ. ಮನೆಯಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಪೆಟ್ರೋಲ್ ಬದಲಾಗಿದೆ

ಈ ಕಾರುಗಳು ಹುಟ್ಟಿದ ಕಾಲದ ಪೆಟ್ರೋಲು ಇಂದಿಲ್ಲ. ಸೀಸ ಬೆರೆಸಿದ ಪೆಟ್ರೋಲು ಭಾರತದಲ್ಲಿ 2000ದಲ್ಲಿ ನಿಂತಿತು. ಸೀಸ ವಿಷವೇ ಆದರೂ ಹಳೆಯ ಎಂಜಿನ್ನಿನ ಎರಕದ ಕಬ್ಬಿಣದ ವಾಲ್ವ್ ಸೀಟುಗಳಿಗೆ ತೆಳುವಾದ ರಕ್ಷಾಪದರ ಕೊಡುತ್ತಿತ್ತು. ಅದಿಲ್ಲದೆ ಹೆಚ್ಚು ವೇಗದಲ್ಲಿ ಓಡಿಸಿದರೆ ಸೀಟುಗಳು ಸವೆದು ವಾಲ್ವುಗಳು ಒಳಕ್ಕೆ ಇಳಿಯುತ್ತವೆ. ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸುವುದೇ ಇದಕ್ಕೆ ಶಾಶ್ವತ ಪರಿಹಾರ.

ಈಗಿನ ಸವಾಲು ಎಥೆನಾಲ್. ಪೆಟ್ರೋಲಿನಲ್ಲಿ ಅದರ ಪ್ರಮಾಣ ಶೇ 20ಕ್ಕೆ ಏರಿದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಕಾರ್ಕ್ ಗ್ಯಾಸ್ಕೆಟ್‌ಗಳನ್ನು ಎಥೆನಾಲ್ ಉಬ್ಬಿಸಿ ಕೆಡಿಸುತ್ತದೆ. ಸೋರುವ ಪೈಪು ಬಿಸಿ ಎಂಜಿನ್ನಿನ ಮೇಲಿದ್ದರೆ ಬೆಂಕಿಯ ಅಪಾಯ. ಆದ್ದರಿಂದ ಎಥೆನಾಲ್ ತಾಳುವ ಪೈಪುಗಳಿಗೆ ಮೊದಲ ಆದ್ಯತೆ ಕೊಡಬೇಕು. ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಾಗಾಗಿ ಹಳೆಯ ಜೆಟ್ಟಿನ ಅಳತೆಯಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ, ಎಳೆತ ಕುಗ್ಗುತ್ತದೆ. ಕಾರ್ಬ್ಯುರೇಟರನ್ನು ತುಸು ಧಾರಾಳವಾಗಿ ಹೊಂದಿಸುವುದು ಇದಕ್ಕೆ ಮದ್ದು. ಎಥೆನಾಲ್ ನೀರನ್ನೂ ಸೆಳೆದುಕೊಳ್ಳುತ್ತದೆ. ನಿಂತ ಟ್ಯಾಂಕಿನಲ್ಲಿ ಆ ನೀರು ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ವಾರಕ್ಕೆ ಹಲವು ಸಲ ಓಡಿ, ಆಗಾಗ ಹೊಸ ಪೆಟ್ರೋಲು ತುಂಬಿಕೊಳ್ಳುವ ಕಾರಿಗೆ ಈ ಕಾಟ ಕಡಿಮೆ.

ಟ್ರಾಫಿಕ್ಕಿನ ಬಿಸಿ, ಪಾಯಿಂಟಿನ ಸಂದು

ಹಳೆಯ ಕಾರಿನ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿನಿಂದಲೇ ತಿರುಗುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ಗಾಳಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಕಡಿಮೆಯಾಗುತ್ತದೆ. ಬಿ-ಸೀರೀಸ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರೂ ಬಿಸಿ ಹೊಗೆಯ ಮ್ಯಾನಿಫೋಲ್ಡೂ ಒಂದೇ ಬದಿಗಿರುವುದರಿಂದ ಪೆಟ್ರೋಲು ದಾರಿಯಲ್ಲೇ ಆವಿಯಾಗಿ ಕಾರು ನಿಂತುಬಿಡುವುದೂ ಉಂಟು. ಅದಕ್ಕೊಂದು ಶಾಖತಡೆ ತಗಡು, ರೇಡಿಯೇಟರಿಗೆ ಹೆಚ್ಚುವರಿ ವಿದ್ಯುತ್ ಫ್ಯಾನು ಹಾಕಿಸಿದರೆ ಬೆಂಗಳೂರಿನ ಸಂಜೆಯ ಟ್ರಾಫಿಕ್ಕನ್ನೂ ದಾಟಬಹುದು. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯಬಾರದು. ಅದರ ಗಡಸು ಲವಣ ಒಳಗಿನ ಕೊಳವೆಗಳಲ್ಲಿ ಪದರಗಟ್ಟಿ ನೀರಿನ ಹರಿವನ್ನೇ ತಡೆಯುತ್ತದೆ.

ಕಿಡಿ ಹುಟ್ಟಿಸುವ ವ್ಯವಸ್ಥೆ ಹಳೆಯ ಕಾರಿನ ನಾಡಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಎರಡು ಪುಟ್ಟ ಪಾಯಿಂಟುಗಳು ಕಾಣುತ್ತವೆ. ನಾಲ್ಕು ಮೂಲೆಯ ಕ್ಯಾಮು ತಿರುಗಿದಂತೆ ಅವು ಬಾಯಿ ತೆರೆದು ಮುಚ್ಚುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಬಾರಿ ಈ ಕೆಲಸ ನಡೆಯುತ್ತದೆ. ಪೂರ್ತಿ ತೆರೆದಾಗ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಪಾಯಿಂಟಿನ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಸವೆದಂತೆ ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಕಾರು ಏರಿನಲ್ಲಿ ಸೋಲುತ್ತದೆ. ಫೀಲರ್ ಗೇಜ್ ಮತ್ತು ಸ್ಕ್ರೂಡ್ರೈವರ್ ಇದ್ದರೆ ಹತ್ತು ನಿಮಿಷದಲ್ಲಿ ಸರಿಮಾಡಬಹುದಾದ ಕೆಲಸವಿದು. ಪ್ರತಿ ಮಾಲೀಕರೂ ಇದನ್ನು ಕಲಿಯಬೇಕು. ಕಲಿಯುವ ಪುರುಸೊತ್ತಿಲ್ಲದವರಿಗೆ ಪಾಯಿಂಟುಗಳ ಜಾಗದಲ್ಲಿ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಇದೆ. ಹಾಗೆಯೇ ನಿಧಾನ ಓಟದಲ್ಲಿ ಚಾರ್ಜ್ ಮಾಡಲಾರದ ಡೈನಮೋ ಬದಲು ಆಲ್ಟರ್ನೇಟರ್ ಹಾಕಿಸಿದರೆ ರಾತ್ರಿಯ ಓಡಾಟ ಸಲೀಸು.

ಬ್ರೇಕು ಮತ್ತು ತುಕ್ಕು

ಹಳೆಯ ಅಂಬಾಸಿಡರ್, ಪದ್ಮಿನಿಗಳ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಒಂದೇ ಹೈಡ್ರಾಲಿಕ್ ಮಾರ್ಗವಿರುವ ಮಾದರಿಗಳಲ್ಲಿ ಒಂದು ಪೈಪು ಒಡೆದರೂ ಪೆಡಲ್ ನೆಲ ಮುಟ್ಟುತ್ತದೆ. ಆಗ ಉಳಿಯುವುದು ಕೇಬಲ್ಲಿನಿಂದ ನಡೆಯುವ ಹ್ಯಾಂಡ್ ಬ್ರೇಕ್ ಮಾತ್ರ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು, ಪೈಪುಗಳನ್ನು ಮುಟ್ಟಿ ನೋಡುವುದು, ಹ್ಯಾಂಡ್ ಬ್ರೇಕನ್ನು ಸದಾ ಬಿಗಿಯಾಗಿಡುವುದು ಪ್ರಾಣರಕ್ಷಣೆಯ ವಿಷಯ. ಇಂದಿನ ಕಾರುಗಳು ತಟ್ಟನೆ ನಿಲ್ಲುತ್ತವೆ. ಅವುಗಳ ಹಿಂದೆ ಹೋಗುವಾಗ ದುಪ್ಪಟ್ಟು ಅಂತರ ಬಿಡುವುದು ಒಳ್ಳೆಯದು. ಸೀಟ್ ಬೆಲ್ಟ್ ಇಲ್ಲದ ಮಾದರಿಗಳಿಗೆ ಗಟ್ಟಿ ಆಧಾರ ಕೊಟ್ಟು ಅದನ್ನು ಅಳವಡಿಸಬೇಕು.

ಈ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಭಾರ ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಹಿಂದಿನ ಕಮಾನು ಪಟ್ಟಿ ಕೂರುವ ಜಾಗ ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬೇ ಮುರಿದಂತೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿ ಮತ್ತು ಸುರಿಮಳೆಯಲ್ಲಿ ಈ ಭಯ ಇಮ್ಮಡಿ. ಮಳೆಗಾಲ ಮುಗಿದ ಕೂಡಲೇ ಚಕ್ರದ ಮೇಲ್ಗೂಡಿನ ಕೆಸರು ತೊಳೆದು, ನೀರು ಹೋಗುವ ರಂಧ್ರಗಳನ್ನು ಬಿಡಿಸಿಡಬೇಕು.

ಬಿಡಿಭಾಗ, ಮೆಕ್ಯಾನಿಕ್

ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರ, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್ ಹಳೆಯ ಬಿಡಿಭಾಗ ಹುಡುಕುವವರಿಗೆ ಪರಿಚಿತ ಜಾಗಗಳು. ಸವೆಯುವ ಸಾಮಾನು ಸಿಗುವುದು ಅಷ್ಟು ಕಷ್ಟವಲ್ಲ. ಗಾಜು, ಕ್ರೋಮ್ ಪಟ್ಟಿ, ದೀಪದ ಕಟ್ಟು ಸಿಗುವುದು ಕಷ್ಟ. ಅವು ಕಂಡಾಗಲೇ ಕೊಂಡಿಡುವುದು ಜಾಣತನ. ಭಾಗಕ್ಕಿಂತ ವಿರಳವಾಗುತ್ತಿರುವುದು ಕೈಚಳಕ. ಕಂಪ್ಯೂಟರ್ ಜೋಡಿಸಿ ದೋಷ ಪತ್ತೆಮಾಡಲು ಕಲಿತ ತಲೆಮಾರಿಗೆ ಎಂಜಿನ್ನಿನ ಸದ್ದು ಕೇಳಿ ಟ್ಯಾಪೆಟ್ ಸಡಿಲವಾಗಿದೆ ಎಂದು ಗುರುತಿಸುವ ಅಭ್ಯಾಸ ಇಲ್ಲ. ಹಳೆಯ ಮೆಕ್ಯಾನಿಕ್‌ಗಳಿಗೆ ನಿಯಮಿತವಾಗಿ ಕೆಲಸ ಸಿಕ್ಕರೆ ಮಾತ್ರ ಆ ವಿದ್ಯೆ ಮುಂದಿನವರಿಗೆ ದಾಟುತ್ತದೆ. ದಿನವೂ ಓಡುವ ಕಾರು ಆ ಕೆಲಸವನ್ನು ಒದಗಿಸುತ್ತದೆ.

ಹೊಗೆಯ ಪ್ರಶ್ನೆಗೂ ಪ್ರಾಮಾಣಿಕ ಉತ್ತರ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಎಂಜಿನ್, ಕಿಲೊಮೀಟರ್ ಲೆಕ್ಕದಲ್ಲಿ ಹೊಸ ಕಾರಿಗಿಂತ ಹೆಚ್ಚು ಮಾಲಿನ್ಯ ಉಗುಳುತ್ತದೆ. ಸರಿಯಾದ ಟ್ಯೂನಿಂಗ್ ಇದ್ದರೆ ಇಂಗಾಲದ ಮಾನಾಕ್ಸೈಡ್ ಗಣನೀಯವಾಗಿ ತಗ್ಗುತ್ತದೆ. ಆಯಿಲ್ ಸುಡುವ, ನೀಲಿ ಹೊಗೆ ಬಿಡುವ ಎಂಜಿನ್ನನ್ನು ಹಳೆಯದೆಂಬ ನೆಪದಲ್ಲಿ ರಸ್ತೆಗೆ ತರುವುದು ಸಲ್ಲದು. ಮನೆಯಿಂದ ಕಚೇರಿಗೆ ಮಧ್ಯಮ ದೂರ, ವೇಗದ ಆತುರವಿಲ್ಲದ ದಾರಿ, ಹತ್ತಿರದಲ್ಲೊಬ್ಬ ನಂಬಿಕಸ್ಥ ಮೆಕ್ಯಾನಿಕ್, ತುರ್ತಿಗೆ ಬೇರೊಂದು ವಾಹನದ ಅನುಕೂಲ: ಇವಿಷ್ಟು ಇರುವವರಿಗೆ ಹಳೆಯ ಕಾರು ಇಂದಿಗೂ ನೆಚ್ಚಬಹುದಾದ ವಾಹನ. ಆಯಿಲ್, ಗ್ರೀಸ್, ಟ್ಯೂನಿಂಗ್‌ಗಳ ದಿನಾಂಕ ಮತ್ತು ಕಿಲೊಮೀಟರ್ ಬರೆದಿಡುವ ಒಂದು ಪುಸ್ತಕ ಡ್ಯಾಶ್‌ಬೋರ್ಡಿನಲ್ಲಿದ್ದರೆ, ಮುಂದೆ ಆ ಕಾರನ್ನು ಓಡಿಸುವವರಿಗೂ ಅದು ಉಪಯೋಗಕ್ಕೆ ಬರುತ್ತದೆ.