ಕಂಪ್ಯೂಟರಿಗೆ ಚೀಟಿ ಬರೆಯಲು ಕನ್ನಡ ಶಾಲೆ ಅಡ್ಡಿಯಲ್ಲ

ಕನ್ನಡ ಶಾಲೆಯಲ್ಲೇ ಮುಂದುವರಿಸಬೇಕೋ, ಸೆಮಿ ಇಂಗ್ಲಿಷಿಗೆ ಹಾಕಬೇಕೋ? ಗುಂಜೋಟಿ, ಉಮರ್ಗಾ, ನಿಲಂಗಾ, ಉದಗೀರ ಭಾಗದ ಪಾಲಕರೇ, ಈ ಲೆಕ್ಕ ಹಾಕುವಾಗ "ಕಂಪ್ಯೂಟರ್ ಕಲಿಯಲು ಇಂಗ್ಲಿಷ್ ಬೇಕಲ್ಲ" ಎಂಬ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ಆ ಮಾತನ್ನು ಶೆಲ್ ಸ್ಕ್ರಿಪ್ಟ್ ಎಂಬ ಒಂದು ಸಣ್ಣ ವಿದ್ಯೆಯ ಮೇಲಿಟ್ಟು ನೋಡಿ.

ಮಗನನ್ನು ಅಂಗಡಿಗೆ ಕಳಿಸುವಾಗ ನೀವು ಚೀಟಿ ಬರೆದು ಕೊಡುತ್ತೀರಿ. ಶೆಲ್ ಸ್ಕ್ರಿಪ್ಟೂ ಅಂಥದೇ ಚೀಟಿ. ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಟ್ಟರೆ ಕಂಪ್ಯೂಟರ್ ಮೇಲಿನಿಂದ ಕೆಳಗೆ ಓದುತ್ತ ಮಾಡಿ ಮುಗಿಸುತ್ತದೆ. ಚೀಟಿ ಓದುವ ತಂತ್ರಾಂಶವೇ ಶೆಲ್. 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಎಂಬ ಶೆಲ್ ಇಂದಿಗೂ ಲಿನಕ್ಸ್ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿದೆ, ಉಚಿತವಾಗಿಯೇ.

ಶಾಲೆಯ ಗ್ಯಾದರಿಂಗಿನ 200 ಫೋಟೊ ಇವೆ ಎನ್ನಿ. ಹೆಸರಿನ ಜಾಗದಲ್ಲಿ ಕ್ಯಾಮೆರಾ ಕೊಟ್ಟ ಉದ್ದುದ್ದ ಅಂಕಿಗಳಿವೆ. ಒಂದೊಂದಾಗಿ ಬದಲಿಸುತ್ತ ಕೂತರೆ ಹೊತ್ತು ಹೋಗುತ್ತದೆ. ಐದಾರು ಸಾಲಿನ ಚೀಟಿ ಸಾಕು: ಇಲ್ಲಿರುವ ಒಂದೊಂದು ಫೋಟೊ ತೆಗೆದುಕೋ, 'ಸಮ್ಮೇಳನ' ಎಂದು ಹೆಸರಿಡು, ಮುಂದೆ ಅಂಕಿ ಸೇರಿಸು, ಅಂಕಿಯನ್ನು ಒಂದು ಹೆಚ್ಚಿಸು. ಇದರಲ್ಲಿ ಬರುವ ಇಂಗ್ಲಿಷ್ ಫಾರ್, ಇನ್, ಡೂ, ಡನ್, ಜೊತೆಗೆ ಹೆಸರು ಬದಲಿಸುವ 'ಎಂವಿ'. ಫೋಟೊದ ಹೆಸರು ಕನ್ನಡದಲ್ಲೇ ಇರಬಹುದು. ಅದೇ ಹೆಸರಿನ ಫೋಟೊ ಮೊದಲೇ ಇದ್ದರೆ ಏನಾಗುತ್ತದೆ? ಯಾವ ಕೆಲಸ ಮೊದಲು, ಯಾವುದು ನಂತರ? ಕಷ್ಟ ಇರುವುದು ಇಲ್ಲಿ, ಮತ್ತು ಇದನ್ನು ಮಗು ಯೋಚಿಸುವುದು ಮನೆಮಾತಿನಲ್ಲೇ.

ನಮ್ಮಂತೆಯೇ ಗಡಿಯಾಚೆ ಇರುವ ಕಾಸರಗೋಡನ್ನು ನೋಡಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇದೆ. ಐಟಿ ಹತ್ತನೆಯ ತರಗತಿಯ ಪರೀಕ್ಷೆಯ ವಿಷಯ, ಅದರ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ. ಅಲ್ಲಿ ಪ್ರೋಗ್ರಾಮಿಂಗ್‌ಗೆ ಕಲಿಸುವುದು ಪೈಥಾನ್, ಶೆಲ್ ಅಲ್ಲ. ಆದರೆ ಕನ್ನಡ ಮಾಧ್ಯಮದ ಮಗು ಪ್ರೋಗ್ರಾಂ ಬರೆಯಬಲ್ಲದೇ ಎಂಬ ಪ್ರಶ್ನೆ ಅಲ್ಲಿ ಹಳೆಯದಾಯಿತು.

ತೊಡಕಿಲ್ಲವೆಂದಲ್ಲ. ತಪ್ಪಾದಾಗ ಬರುವ ಸೂಚನೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಕಪ್ಪು ಪರದೆಯ ಮೇಲೆ ಕನ್ನಡದ ಒತ್ತಕ್ಷರ ಒಮ್ಮೊಮ್ಮೆ ಚದುರಿ ಕಾಣುತ್ತದೆ. ಆ ಸೂಚನೆ ಓದುವಷ್ಟು ಇಂಗ್ಲಿಷ್ ಬೇಕು. ಅದನ್ನು ಒಂದು ವಿಷಯವಾಗಿ ಕಲಿತರೂ ಬರುತ್ತದೆ, ಮಾಧ್ಯಮ ಬದಲಿಸಬೇಕಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಲ್ಲವೇ? ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಹಾಕಿದರೆ ಬ್ಯಾಶ್ ಸಿಗುತ್ತದೆ. ಮೊದಮೊದಲು ಅದಕ್ಕೆ ಫೋನಿನ ಸಂಗ್ರಹಕ್ಕೆ ಅನುಮತಿ ಕೊಡಬೇಡಿ; ಆಗ ಮಗು ಏನು ಬರೆದರೂ ನಿಮ್ಮ ಫೋಟೊಗಳಿಗೆ ಕೈ ತಾಗದು. 'ಆರ್‌ಎಂ' ಎಂಬ ಆಜ್ಞೆ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋಯಿತು. ಹೀಗಾಗಿ ಚೀಟಿಯಲ್ಲಿ 'ಎಂವಿ', 'ಆರ್‌ಎಂ'ನಂಥ ಆಜ್ಞೆಯ ಮುಂದೆ ಮೊದಲು 'ಎಕೋ' ಎಂದು ಬರೆಸಿ. ಆಗ ಕೆಲಸ ನಡೆಯುವುದಿಲ್ಲ, ಏನು ನಡೆಯಲಿತ್ತು ಎಂಬುದು ಪರದೆಯ ಮೇಲೆ ಬರುತ್ತದೆ. ನಿಮ್ಮ ಮುಂದೆ ಅದನ್ನು ಓದಿ ಹೇಳಿದ ಮೇಲೆ 'ಎಕೋ' ತೆಗೆಯಲಿ.