ಐದು ಸ್ಪೇಸ್ ಕೊಟ್ಟರೂ ಪ್ಯಾರಾ ಸೊಟ್ಟ!

ಕೋರ್ಟು, ಕಾಲೇಜುಗಳ ಆಸುಪಾಸಿನ ಡಿ.ಟಿ.ಪಿ. ಅಂಗಡಿಗಳಲ್ಲಿ ಥೀಸಿಸ್ ಒಪ್ಪಿಸುವ ಕಾಲಕ್ಕೆ ಒಂದು ಜಗಳ ತಪ್ಪಿದ್ದಲ್ಲ. ‘ಪ್ಯಾರಾಗಳು ಯಾಕ್ರೀ ಸೊಟ್ಟ ಹಲ್ಲಿನಂಗೆ ಕಾಣ್ತವೆ?’ ಎಂದು ಗಿರಾಕಿ. ‘ಎಲ್ಲಕ್ಕೂ ಐದೇ ಸ್ಪೇಸ್ ಕೊಟ್ಟೀನಿ ಸಾರ್, ಬೇಕಾದ್ರೆ ಎಣಿಸ್ಕೊಳ್ಳಿ’ ಎಂದು ಆಪರೇಟರು. ಇಬ್ಬರೂ ಹೇಳುವುದು ನಿಜ. ಗೈಡ್ ಸಾಹೇಬರು ವಾಪಸು ಕಳಿಸಿದರೆ ಮರುಪ್ರಿಂಟಿನ ದುಡ್ಡು ಯಾರದು ಎಂಬುದೇ ತಕರಾರು.

ಟೈಪ್‌ರೈಟರಿನಲ್ಲಿ ಐದು ಸಲ ಒತ್ತಿದರೆ ಐದು ಮನೆ, ಯಾವ ಪುಟದಲ್ಲೂ ಬದಲಿಲ್ಲ. ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುವವರು ಪ್ಯಾರಾದ ಮೊದಲಿಗೆ ಕ್ವಾಡ್ ಇಡುತ್ತಿದ್ದರು. ಮೊಳೆಗಿಂತ ಗಿಡ್ಡನೆಯ ಸೀಸದ ತುಂಡು ಅದು, ಮಸಿ ತಾಗದು. ಸೀಸ ಹಿಗ್ಗುವುದಿಲ್ಲ, ಕಂಪ್ಯೂಟರಿನ ಸ್ಪೇಸ್ ಹಿಗ್ಗುತ್ತದೆ. ಎರಡೂ ಅಂಚು ಸಮನಾಗಲೆಂದು ‘ಜಸ್ಟಿಫೈ’ ಒತ್ತಿದ ಕೂಡಲೇ ವರ್ಡ್ ಆ ಸಾಲಿನಲ್ಲಿ ಮಿಕ್ಕ ಜಾಗವನ್ನು ಸ್ಪೇಸುಗಳಿಗೆಲ್ಲ ಹಂಚುತ್ತದೆ. ಪ್ಯಾರಾ ಮೊದಲಿನ ಐದಕ್ಕೂ ಪಾಲು ಬಂತು! ಕನ್ನಡದಲ್ಲಿ ಪದಗಳೇ ಉದ್ದುದ್ದ, ಮಿಗುವ ಜಾಗವೂ ಹೆಚ್ಚು. ಹಾಗಾಗಿ ಒಂದು ಪ್ಯಾರಾ ಕಾಲಿಂಚು ಒಳಗೆ, ಪಕ್ಕದ್ದು ಅರ್ಧ ಇಂಚು.

ಇದಕ್ಕಿಂತ ಕೆಟ್ಟ ಚಾಳಿ ಎಂಟರ್‌ನದು. ಹಳೇ ಕೈಗಳು ಪ್ರತಿ ಸಾಲಿನ ಕೊನೆಗೂ ಎಂಟರ್ ಕುಟ್ಟುತ್ತವೆ. ಕಂಪ್ಯೂಟರಿಗೆ ಎಂಟರ್ ಎಂದರೆ ಪ್ಯಾರಾ ಮುಗಿಯಿತು ಎಂದರ್ಥ. ನುಡಿಯಲ್ಲಿ ಹೊಡೆದದ್ದನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅಕ್ಷರದ ಅಗಲ ಬದಲಾಗಿ ಸಾಲುಗಳು ನಡುವೆಯೇ ತುಂಡಾಗುತ್ತವೆ. ಆಗ ‘ಫಸ್ಟ್ ಲೈನ್ ಇಂಡೆಂಟ್’ ಕೊಟ್ಟರಂತೂ ಮುಗೀತು, ಎಂಟರ್ ಬಿದ್ದ ಪ್ರತಿ ಸಾಲೂ ಒಳಕ್ಕೆ ಜಿಗಿಯುತ್ತದೆ.

ಮದ್ದು ಇದೆ. ‘ರೀಪ್ಲೇಸ್’ನಲ್ಲಿ ಮೊದಲು ಜೋಡಿ ಎಂಟರ್‌ಗಳನ್ನು ಬೇರೆಲ್ಲೂ ಬಳಸದ ಒಂದು ಗುರುತಿಗೆ ಬದಲಿಸಬೇಕು. ಆಮೇಲೆ ಒಂಟಿ ಎಂಟರ್‌ಗಳನ್ನು ಸ್ಪೇಸಿಗೆ, ಕಡೆಗೆ ಆ ಗುರುತನ್ನು ಮತ್ತೆ ಎಂಟರ್‌ಗೆ. ಪ್ಯಾರಾಗಳ ನಡುವೆ ಖಾಲಿ ಸಾಲು ಬಿಟ್ಟಿದ್ದರೆ ಬಚಾವು, ಇಲ್ಲವಾದರೆ ರಾತ್ರಿಯೆಲ್ಲ ಕೈಯಲ್ಲೇ ತಿದ್ದಬೇಕು. ವಚನ, ಪದ್ಯ ಇರುವ ಪುಟಕ್ಕೆ ಈ ಕೈಚಳಕ ಬೇಡವೇ ಬೇಡ, ಬಸವಣ್ಣನವರೂ ಗದ್ಯವಾಗಿಬಿಡುತ್ತಾರೆ. ಇಷ್ಟಾದ ಮೇಲೆ ಪ್ಯಾರಾ ಮುಂದಿನ ಸ್ಪೇಸುಗಳನ್ನು ಅಳಿಸಿ, ರೂಲರಿನ ಮೇಲುಗಡೆಯ ತ್ರಿಕೋನವನ್ನು ಒಳಕ್ಕೆ ಎಳೆದರಾಯಿತು.

ಗಣಿತ, ಭೌತಶಾಸ್ತ್ರದ ಹುಡುಗರ ಪಾಡು ಬೇರೆ. ಅವರದು ಲೇಟೆಕ್. ಅಮೆರಿಕದ ಡೊನಾಲ್ಡ್ ಕ್ನೂತ್ ಎಂಬ ಪ್ರೊಫೆಸರು 1977ರಲ್ಲಿ ತಮ್ಮದೇ ಪುಸ್ತಕದ ಪ್ರೂಫ್ ನೋಡಿ ಬೇಸತ್ತು ಕಟ್ಟಲು ಕೂತ ‘ಟೆಕ್’ ಇದರ ಬುನಾದಿ. ಸಾಲಿನ ಮೊದಲಿಗೆ ಐದಲ್ಲ, ಐವತ್ತು ಸ್ಪೇಸ್ ಕೊಟ್ಟರೂ ಅದು ಕಣ್ಣೆತ್ತಿ ನೋಡದು. ಖಾಲಿ ಸಾಲು ಕಂಡರೆ ಮಾತ್ರ ಹೊಸ ಪ್ಯಾರಾ. ಚಂದ ಕಾಣಲೆಂದು ಸಮೀಕರಣದ ಕೆಳಗೆ ಖಾಲಿ ಸಾಲು ಬಿಟ್ಟರೆ, ಅರ್ಧಕ್ಕೆ ನಿಂತಿದ್ದ ವಾಕ್ಯ ಹೊಸ ಪ್ಯಾರಾದಂತೆ ಒಳಸರಿದು ಕೂರುತ್ತದೆ. ಆ ಖಾಲಿ ಸಾಲು ತೆಗೆದರೆ ಕಾಯಿಲೆ ವಾಸಿ. ತಲೆಬರಹದ ಕೆಳಗಿನ ಮೊದಲ ಪ್ಯಾರಾ ಒಳಸರಿಯದಿರುವುದು ಮಾತ್ರ ತಪ್ಪಲ್ಲ, ಇಂಗ್ಲಿಷ್ ಮುದ್ರಣದ ರೂಢಿ ಅದು. ಬೇಡವೆನ್ನುವವರಿಗೆ ‘ಇಂಡೆಂಟ್‌ಫಸ್ಟ್’ ಎಂಬ ಪ್ಯಾಕೇಜಿದೆ.

ಆಪರೇಟರಿಗೆ ಪುಟಕ್ಕಿಷ್ಟು ಎಂದು ಕೂಲಿ. ತಿದ್ದುವ ರಾತ್ರಿಗೆ ಯಾರೂ ಕಾಸು ಬಿಚ್ಚುವುದಿಲ್ಲ. ಬೈಂಡಿಂಗಿಗೆ ಕೊಡುವ ಮೊದಲು ಗಿರಾಕಿಯೇ ವರ್ಡ್‌ನಲ್ಲಿ ಆ ತಿರುಗಿ ನಿಂತ ‘ಪಿ’ ಗುರುತನ್ನು ಒತ್ತಿಸಿ ನೋಡಲಿ. ಪ್ಯಾರಾ ಮುಂದೆ ಚುಕ್ಕಿಗಳ ಸಾಲು ಕಂಡರೆ ಪ್ರಿಂಟ್ ಅಲ್ಲೇ ನಿಲ್ಲಿಸಬೇಕು.