ಟ್ರಾಕ್ಟರಿನ ಸೀಟು, ರೈತನ ಸೊಂಟ

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಟ್ರಾಕ್ಟರು ಏರಿದವರು ನಿಮ್ಮಲ್ಲಿ ಅನೇಕರಿರಬಹುದು. ಹತ್ತು ನಿಮಿಷದ ಆ ಕುಲುಕಾಟ ನಮಗೆ ಮೋಜು. ಆದರೆ ಉಳುಮೆಯ ಹಂಗಾಮಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಸೀಟಿನ ಮೇಲೆ ಕುಳಿತಿರುವ ನಮ್ಮ ಚಿಕ್ಕಪ್ಪನಿಗೋ, ಸೋದರಮಾವನಿಗೋ, ಸಂಬಳದ ಚಾಲಕನಿಗೋ ಅದು ಮೋಜಲ್ಲ. "ಸೊಂಟ ಹಿಡಿದುಕೊಂಡಿದೆ" ಎಂದು ಅವರು ಹೇಳಿದಾಗ ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುತ್ತೇವೆ. ಅದರಲ್ಲಿ ವಯಸ್ಸಿನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ಹೊರನಾಡಿನಲ್ಲಿ ಬೆಳೆದ ನಮಗೂ ಟ್ರಾಕ್ಟರಿಗೂ ಏನು ಸಂಬಂಧ ಎನ್ನಬೇಡಿ. ಮುಂಬಯಿಯ ಕಾಂದಿವಲಿಯ ಮಹೀಂದ್ರ, ಚೆನ್ನೈಯ ಟಾಫೆ, ದೆಹಲಿಯ ಪಕ್ಕದ ಫರೀದಾಬಾದಿನ ಎಸ್ಕಾರ್ಟ್ಸ್, ಪುಣೆಯ ಬಳಿ ಸಣಸ್‌ವಾಡಿಯ ಜಾನ್ ಡಿಯರ್, ಹೈದರಾಬಾದಿನಿಂದ ಹೆಚ್ಚು ದೂರವಿಲ್ಲದ ಜಹೀರಾಬಾದಿನ ಮಹೀಂದ್ರ ಕಾರ್ಖಾನೆ, ಇವೆಲ್ಲ ಹೊರನಾಡ ಕನ್ನಡಿಗರು ನೆಲೆಸಿದ ಊರುಗಳ ಸುತ್ತಮುತ್ತಲಿನ ಹೆಸರುಗಳೇ. ಊರಿನ ಹೊಲದಲ್ಲಿ ಓಡುವ ಯಂತ್ರ ನಮ್ಮ ಮನೆಯ ಹತ್ತಿರವೇ ರೂಪುಗೊಂಡಿರಬಹುದು. ನಾಳೆ ಅದನ್ನು ರೂಪಿಸುವವರಲ್ಲಿ ನೀವೂ ಒಬ್ಬರಾಗಬಹುದು.

ಕಾರಿಗಿರುವುದು ಟ್ರಾಕ್ಟರಿಗೇಕಿಲ್ಲ?

ಕಾರಿನ ಪ್ರತಿ ಚಕ್ರಕ್ಕೂ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇರುತ್ತವೆ. ಸಾಮಾನ್ಯ ಟ್ರಾಕ್ಟರಿನಲ್ಲಿ ಹಿಂದಿನ ಚಕ್ರಗಳಿಗೆ ಇವೆರಡೂ ಇಲ್ಲ. ಇದಕ್ಕೆ ಕಾರಣ ಹಳೆಯದು. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರಾಕ್ಟರು ಪ್ರತ್ಯೇಕ ಚೌಕಟ್ಟನ್ನೇ ಬಿಟ್ಟು, ಎಂಜಿನು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ ಮೂರನ್ನೂ ಒಂದಕ್ಕೊಂದು ಬೋಲ್ಟು ಹಾಕಿ ಅದನ್ನೇ ಬೆನ್ನೆಲುಬಾಗಿ ಮಾಡಿಕೊಂಡಿತು. ಖರ್ಚು ಕಡಿಮೆ, ಗಟ್ಟಿತನ ಹೆಚ್ಚು. ಇಂದಿಗೂ ಬಹುತೇಕ ಟ್ರಾಕ್ಟರುಗಳ ಕಟ್ಟಡ ಇದೇ. ಹೀಗೆ ಕಟ್ಟಿದ ಮೇಲೆ ಹಿಂಬದಿಯಲ್ಲಿ ಸ್ಪ್ರಿಂಗಿಗೆ ಜಾಗವೇ ಉಳಿಯುವುದಿಲ್ಲ.

ಇನ್ನೊಂದು ಕಾರಣ ನೇಗಿಲು. ಅದು ಹಿಂದಿನ ಆಕ್ಸಲಿನ ಬೆನ್ನಿಗೇ ಕಟ್ಟಿಕೊಂಡಿರುತ್ತದೆ. ಆಕ್ಸಲಿಗೂ ದೇಹಕ್ಕೂ ನಡುವೆ ಸ್ಪ್ರಿಂಗು ಇಟ್ಟರೆ ಟ್ರಾಕ್ಟರು ಏರಿಳಿದಂತೆಲ್ಲ ಉಳುಮೆಯ ಆಳವೂ ಏರಿಳಿಯುತ್ತದೆ. ಹಾಗಾಗಿ ಎಂಜಿನಿಯರುಗಳು ನೇಗಿಲಿನ ಪರವಾಗಿ ತೀರ್ಪು ಕೊಟ್ಟರು. ಚಾಲಕನಿಗೆ ಉಳಿದದ್ದು ಟೈರು ಮಾತ್ರ. ಅದೂ ಮೊದಲಿಗೆ ಇರಲಿಲ್ಲ, ಕಬ್ಬಿಣದ ಚಕ್ರಗಳೇ ಇದ್ದವು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ಗಾಳಿ ತುಂಬಿದ ಟೈರನ್ನು ಟ್ರಾಕ್ಟರಿಗೆ ತಂದ ಮೇಲೆ ಸ್ವಲ್ಪ ನೆಮ್ಮದಿ ಸಿಕ್ಕಿತು. ಆದರೆ ಟೈರು ಸ್ಪ್ರಿಂಗಿನ ಹಾಗೆ ಪುಟಿಯುತ್ತದೆಯೇ ಹೊರತು, ಪುಟಿತವನ್ನು ತಡೆಯುವ ಗುಣ ಅದಕ್ಕೆ ಬಹಳ ಕಡಿಮೆ. ಒಂದು ಗುಂಡಿ ದಾಟಿದ ಮೇಲೂ ಟ್ರಾಕ್ಟರು ನಾಲ್ಕಾರು ಸಲ ಕುಣಿಯುವುದು ಇದರಿಂದಲೇ.

ಬೆನ್ನುಮೂಳೆಯ ಲೆಕ್ಕ

ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಅದಕ್ಕೆ ತನ್ನದೇ ಆದ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಮಗುವೂ ದೊಡ್ಡವರನ್ನು ಮೇಲಕ್ಕೆ ತೂಗಬಲ್ಲದು. ಇದೇ ಅನುರಣನೆ. ನಮ್ಮ ದೇಹಕ್ಕೂ ಇಂಥ ಲಯವಿದೆ. ಕುಳಿತ ಮನುಷ್ಯನ ಮುಂಡ ಮೇಲೆ ಕೆಳಗೆ ಅಲುಗಾಡುವಾಗ, ಸೆಕೆಂಡಿಗೆ ಸುಮಾರು 4ರಿಂದ 8 ಸಲದ, ಅಂದರೆ 4ರಿಂದ 8 ಹರ್ಟ್ಸ್ ಆವೃತ್ತಿಯ ಕಂಪನ ಅವನನ್ನು ಅತಿ ಹೆಚ್ಚು ಬಾಧಿಸುತ್ತದೆ. ಅಕ್ಕಪಕ್ಕಕ್ಕೆ ಮತ್ತು ಹಿಂದೆ ಮುಂದೆ ಓಲಾಡುವಾಗ 1ರಿಂದ 2 ಹರ್ಟ್ಸ್ ಸಾಕು.

ಟ್ರಾಕ್ಟರು ತನ್ನ ಟೈರುಗಳ ಮೇಲೆ ಕುಣಿಯುವುದು ಸಾಮಾನ್ಯವಾಗಿ 2ರಿಂದ 4 ಹರ್ಟ್ಸ್‌ನಲ್ಲಿ. ದೇಹಕ್ಕೆ ಬೇಡವಾದ ವಲಯದ ಹೊಸ್ತಿಲಲ್ಲೇ ಅದು ನಿಂತಿದೆ. ಜೊತೆಗೆ ಚಾಲಕ ನೆಲದಿಂದ ಎತ್ತರದಲ್ಲಿ ಕುಳಿತಿರುವುದರಿಂದ ಒಂದು ಚಕ್ರ ಬದುವನ್ನು ಹತ್ತಿದರೂ ಅವನು ಲೋಲಕದ ಹಾಗೆ ಪಕ್ಕಕ್ಕೆ ಓಲಾಡುತ್ತಾನೆ. ವರ್ಷಗಟ್ಟಲೆ ಇದನ್ನು ಸಹಿಸುವವರಲ್ಲಿ ಸೊಂಟನೋವು ಹೆಚ್ಚು ಎಂಬುದನ್ನು ಹಲವು ದೇಶಗಳ ವೈದ್ಯರು ಗುರುತಿಸಿದ್ದಾರೆ. ಐರೋಪ್ಯ ಒಕ್ಕೂಟ 2002ರಲ್ಲಿ ಇದಕ್ಕೊಂದು ಮಿತಿಯನ್ನೇ ಹಾಕಿತು. ಎಂಟು ಗಂಟೆಯ ದುಡಿಮೆಗೆ ಲೆಕ್ಕ ಹಾಕಿದಾಗ ಮೈಗೆ ತಗಲುವ ಕಂಪನದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 0.5 ಮೀಟರ್ ದಾಟಿದರೆ ಮಾಲೀಕ ಪರಿಹಾರ ಕೈಗೊಳ್ಳಬೇಕು. 1.15 ಮೀಟರನ್ನು ದಾಟುವಂತೆಯೇ ಇಲ್ಲ.

ಮೆತ್ತಗಿದ್ದರೆ ಸಾಲದು

ಹಾಗಾದರೆ ಸೀಟಿಗೆ ದಪ್ಪ ಸ್ಪಂಜು ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಸ್ಪಂಜು ಕೂರಲು ಹಿತ, ಆದರೆ ನಿಧಾನವಾದ ದೊಡ್ಡ ಕುಣಿತವನ್ನು ಅದು ತಡೆಯಲಾರದು. ಯಾವುದೇ ಸ್ಪ್ರಿಂಗು ತನ್ನ ಸಹಜ ಆವೃತ್ತಿಯ 1.4 ಪಟ್ಟಿಗಿಂತ ಮೇಲಿನ ಕಂಪನವನ್ನು ಮಾತ್ರ ಕಡಿಮೆ ಮಾಡುತ್ತದೆ. ಅದಕ್ಕಿಂತ ಕೆಳಗಿನದನ್ನು ತಗ್ಗಿಸುವುದಿಲ್ಲ, ತನ್ನ ಲಯದ ಹತ್ತಿರದ್ದನ್ನಂತೂ ಹೆಚ್ಚಿಸಿಬಿಡುತ್ತದೆ. 2 ಹರ್ಟ್ಸ್ ಕುಣಿತದಿಂದ ಪಾರಾಗಬೇಕಾದರೆ ಸ್ಪ್ರಿಂಗಿನ ಸ್ವಂತ ಲಯ 1.4 ಹರ್ಟ್ಸ್‌ಗಿಂತ ಕೆಳಗಿರಬೇಕು.

ಇಲ್ಲಿಯೇ ತೊಡಕು. ಸರಳ ಸ್ಪ್ರಿಂಗಿನ ಲಯ, ಭಾರ ಬಿದ್ದಾಗ ಅದು ಎಷ್ಟು ಕುಸಿಯುತ್ತದೆ ಎಂಬುದನ್ನು ಅವಲಂಬಿಸಿದೆ. ಸುಮಾರು 6 ಸೆಂಟಿಮೀಟರ್ ಕುಸಿದರೆ 2 ಹರ್ಟ್ಸ್. 1.4 ಹರ್ಟ್ಸ್ ಬೇಕಾದರೆ ಸುಮಾರು 13 ಸೆಂಟಿಮೀಟರ್. 1 ಹರ್ಟ್ಸ್ ಬೇಕಾದರೆ 25 ಸೆಂಟಿಮೀಟರ್! ಪಿಯುಸಿ ಭೌತಶಾಸ್ತ್ರ ಓದಿದವರು ಕಾಗದದ ಮೇಲೆ ಇದನ್ನು ಪರೀಕ್ಷಿಸಬಹುದು. ಅಷ್ಟು ಕುಸಿಯುವ ಸೀಟಿನಲ್ಲಿ ಕುಳಿತವನ ಕಾಲು ಕ್ಲಚ್ಚಿಗೆ ಎಟಕುವುದು ಹೇಗೆ? ದೊಡ್ಡ ಗುಂಡಿ ಬಂದಾಗ ಸೀಟು ತಳಕ್ಕೆ ಬಡಿದರೆ ಆ ಒಂದು ಪೆಟ್ಟು ಇಡೀ ದಿನದ ಸುಖವನ್ನು ಕಸಿದುಕೊಳ್ಳುತ್ತದೆ.

ಗಾಳಿಯ ಸ್ಪ್ರಿಂಗು ಈ ತೊಡಕಿಗೆ ಒಂದು ಉತ್ತರ. ಭಾರವನ್ನು ಗಾಳಿಯ ಒತ್ತಡ ಹೊರುವುದರಿಂದ ಕುಸಿತವಿಲ್ಲದೆಯೇ ಮೆದುತನ ಸಿಗುತ್ತದೆ. ಅದರ ಜೊತೆಗೆ ಶಾಕ್ ಅಬ್ಸಾರ್ಬರ್ ಬೇಕೇ ಬೇಕು. ಅದೂ ಹದವಾಗಿರಬೇಕು. ಸಡಿಲವಾದರೆ ಕುಣಿತ ನಿಲ್ಲದು, ಬಿಗಿಯಾದರೆ ರಸ್ತೆಯ ಪೆಟ್ಟು ನೇರವಾಗಿ ಮೇಲಕ್ಕೆ ಬರುತ್ತದೆ.

ಸೀಟೋ, ಕ್ಯಾಬಿನ್ನೋ?

ಸೀಟಿಗೆ ಮಾತ್ರ ಸ್ಪ್ರಿಂಗು ಕೊಟ್ಟರೆ ಇನ್ನೊಂದು ಫಜೀತಿ. ಚಾಲಕ ಮೇಲೆ ಕೆಳಗೆ ಹೋಗುತ್ತಾನೆ, ಸ್ಟಿಯರಿಂಗು ಮತ್ತು ಪೆಡಲುಗಳು ಇದ್ದಲ್ಲೇ ಇರುತ್ತವೆ. ಇಡೀ ಕ್ಯಾಬಿನ್ನನ್ನೇ ಸ್ಪ್ರಿಂಗಿನ ಮೇಲೆ ಕೂರಿಸಿದರೆ ಚಾಲಕ, ಸ್ಟಿಯರಿಂಗು, ಪೆಡಲು ಎಲ್ಲವೂ ಒಟ್ಟಿಗೇ ಚಲಿಸುತ್ತವೆ. ಫ್ರಾನ್ಸಿನ ರೆನೋ ಕಂಪನಿ 1980ರ ದಶಕದ ಕೊನೆಯಲ್ಲಿ ತನ್ನ ಟ್ರಾಕ್ಟರುಗಳಿಗೆ 'ಹೈಡ್ರೋಸ್ಟೇಬಲ್' ಎಂಬ ತೂಗು ಕ್ಯಾಬಿನ್ ತಂದಿತು. ಈಗ ಕೆಲವು ಕಂಪನಿಗಳು ಕ್ಯಾಬಿನ್ನಿನ ಹಿಂಬದಿಗೆ ಮಾತ್ರ ಎರಡು ಸ್ಪ್ರಿಂಗು ಕೊಟ್ಟು ಮುಂಬದಿಯನ್ನು ರಬ್ಬರ್ ಬುಷ್ ಮೇಲೆ ಕೂರಿಸುತ್ತವೆ. ಕೆಲವು ನಾಲ್ಕೂ ಮೂಲೆಗೆ ಕೊಡುತ್ತವೆ. ಕ್ಯಾಬಿನ್ ಪಕ್ಕಕ್ಕೆ ಜಾರದಂತೆ ಒಂದು ಅಡ್ಡ ಸರಳು ಅದನ್ನು ಹಿಡಿದಿಡುತ್ತದೆ. ಟ್ರಾಕ್ಟರು ಮಗುಚಿದರೆ ಚಾಲಕನ ಜೀವ ಉಳಿಸಬೇಕಾದುದೂ ಇದೇ ಕ್ಯಾಬಿನ್. ಆದ್ದರಿಂದ ಅದನ್ನು ಮೆದುವಾಗಿ ತೂಗಿದರೂ ಕೊಂಡಿಗಳು ಮಾತ್ರ ಉಕ್ಕಿನಂತಿರಬೇಕು.

ಬ್ರಿಟನ್ನಿನ ಜೆಸಿಬಿ ಕಂಪನಿ ಇನ್ನೂ ಮುಂದೆ ಹೋಯಿತು. 1991ರಲ್ಲಿ ಬಂದ ಅದರ ಫಾಸ್ಟ್‌ಟ್ರಾಕ್, ಹಿಂದೆ ಮುಂದೆ ಎರಡೂ ಆಕ್ಸಲಿಗೆ ಸ್ಪ್ರಿಂಗು ಹೊತ್ತು, ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿಗೂ ವೇಗವಾಗಿ ಓಡಿತು. ಹಾಗೆಂದು ಎಲ್ಲರೂ ಅದನ್ನೇ ಅನುಸರಿಸಲಿಲ್ಲ. ಬೆಲೆ ಎಂಬುದೊಂದಿದೆಯಲ್ಲ!

ನಮ್ಮ ಹೊಲದ ಪ್ರಶ್ನೆ

ಬೆಲೆಯ ಮಾತು ಬಂದಾಗ ನಮ್ಮ ದೇಶದ ಚಿತ್ರವೇ ಬೇರೆ. ಇಲ್ಲಿ ಹೆಚ್ಚಾಗಿ ಮಾರಾಟವಾಗುವುದು 30ರಿಂದ 50 ಅಶ್ವಶಕ್ತಿಯ, ಕ್ಯಾಬಿನ್ ಇಲ್ಲದ ಟ್ರಾಕ್ಟರುಗಳು. ತಲೆಯ ಮೇಲೊಂದು ಚಾವಣಿ ಇದ್ದರೆ ಅದೇ ಭಾಗ್ಯ. ಇತ್ತೀಚೆಗೆ ಎಸಿ ಕ್ಯಾಬಿನ್ನಿನ ಟ್ರಾಕ್ಟರುಗಳು ಬಂದಿವೆಯಾದರೂ ಸಣ್ಣ ರೈತನಿಗೆ ಅವು ದೂರ. ಅದಲ್ಲದೆ ನಮ್ಮ ಟ್ರಾಕ್ಟರು ಹೊಲಕ್ಕಷ್ಟೇ ಸೀಮಿತವಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿಯಿಡೀ ಕಾರ್ಖಾನೆಗೆ ನಡೆಯುವ ಟ್ರಾಕ್ಟರುಗಳನ್ನು ನೋಡಿದ್ದೀರಲ್ಲ? ನಮಗೆ ಬೇಕಿರುವುದು ತೂಗು ಕ್ಯಾಬಿನ್ನಿನ ನಕಲಲ್ಲ. ಕೆಸರು, ಧೂಳು ತಡೆಯುವ, ಹಳ್ಳಿಯ ಮೆಕ್ಯಾನಿಕ್ ಕೈಯಲ್ಲೇ ರಿಪೇರಿಯಾಗುವ, ಅಗ್ಗದ ಒಳ್ಳೆಯ ಸೀಟು. ಎಂಜಿನಿಯರಿಂಗ್ ಓದುತ್ತಿರುವ ಮಿತ್ರರೇ, ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇಲ್ಲಿದೆ.

ಉಳಿದವರೂ ಮುಂದಿನ ಸಲ ಊರಿಗೆ ಹೋದಾಗ ಒಂದಿಷ್ಟು ಮಾಡಬಹುದು. ಸ್ಪ್ರಿಂಗು ಇರುವ ಅನೇಕ ಸೀಟುಗಳಲ್ಲಿ ಚಾಲಕನ ತೂಕಕ್ಕೆ ಹೊಂದಿಸುವ ತಿರುಪು ಇರುತ್ತದೆ. ಟ್ರಾಕ್ಟರು ಕೊಂಡ ದಿನದಿಂದ ಅದನ್ನು ಯಾರೂ ಮುಟ್ಟಿರದಿದ್ದರೆ, 50 ಕಿಲೋ ತೂಗುವವನೂ 90 ಕಿಲೋ ತೂಗುವವನೂ ಒಂದೇ ಬಿಗಿತದ ಮೇಲೆ ಕುಣಿಯುತ್ತಿರುತ್ತಾರೆ. ಅದನ್ನು ಹೊಂದಿಸಿಕೊಡಿ. ಕೈಪಿಡಿ ಇಂಗ್ಲಿಷಿನಲ್ಲಿದ್ದರೆ ಟೈರಿನ ಗಾಳಿಯ ಪುಟವನ್ನು ಓದಿ ಕನ್ನಡದಲ್ಲಿ ಹೇಳಿ. ಹೊಲಕ್ಕೊಂದು ಒತ್ತಡ, ರಸ್ತೆಯಲ್ಲಿ ಭಾರ ಎಳೆಯಲು ಇನ್ನೊಂದು ಎಂದು ಅಲ್ಲಿ ಬರೆದಿರುತ್ತದೆ. ಹೊಲದಲ್ಲಿ ಅಗತ್ಯಕ್ಕಿಂತ ಬಿಗಿಯಾದ ಟೈರು ನೇರವಾಗಿ ಸೊಂಟಕ್ಕೆ ಬಡಿಯುತ್ತದೆ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಲು ಹೇಳಿ. ನೀವು ಮಾತ್ರ ದಯವಿಟ್ಟು ಮಡ್‌ಗಾರ್ಡಿನ ಮೇಲೆ ಕೂರಬೇಡಿ. ಸೀಟಿನಲ್ಲಿ ಸ್ಟಿಯರಿಂಗು ಹಿಡಿದವನನ್ನೇ ಎತ್ತಿ ಹಾಕುವ ಗುಂಡಿ, ಅಲ್ಲಿ ಕುಳಿತವರನ್ನು ಚಕ್ರದ ಕೆಳಕ್ಕೇ ಬೀಳಿಸಬಹುದು.

ಊರಿಗೆ ಹೋಗುವಾಗ ಹಿರಿಯರಿಗೆಂದು ನೋವಿನ ಮುಲಾಮು ಒಯ್ಯುವುದು ನಮ್ಮ ಮನೆಗಳಲ್ಲಿ ರೂಢಿ. ಮುಲಾಮಿನ ಜೊತೆಗೆ ಗಾಳಿಯ ಒತ್ತಡ ಅಳೆಯುವ ಗೇಜು ಒಂದನ್ನೂ ಒಯ್ಯಿರಿ.